ಮಧ್ಯಮ ಬ್ಲಾಕ್‌ಗೆ ಎಫ್‌ಎಫ್‌ಆರ್: ನಂಬರ್ ನಂಬುವ ಮೊದಲು ಅಲೆ ನೋಡಿ

ಆಂಜಿಯೋಗ್ರಾಮ್ ಮುಗಿದ ಕೂಡಲೇ ಮನೆಯವರು ಕೇಳುವ ಮೊದಲ ಮಾತು, "ಬ್ಲಾಕ್ ಎಷ್ಟು ಪರ್ಸೆಂಟ್ ಇದೆ ಡಾಕ್ಟ್ರೇ?" 30 ಎಂದಾದರೆ ಮಾತ್ರೆ ಸಾಕು. 95 ಎಂದಾದರೆ ಹೆಚ್ಚು ಚರ್ಚೆ ಬೇಕಿಲ್ಲ. ತೊಡಕು ಇರುವುದು 50, 60, 70ರ ಆಸುಪಾಸಿನಲ್ಲಿ. ಒಂದೇ ಚಿತ್ರವನ್ನು ಇಬ್ಬರು ಅನುಭವಿ ವೈದ್ಯರ ಮುಂದಿಟ್ಟರೆ ಒಬ್ಬರು 50 ಎನ್ನುತ್ತಾರೆ, ಇನ್ನೊಬ್ಬರು 70 ಎನ್ನುತ್ತಾರೆ. ಇಬ್ಬರೂ ಸರಿಯಾಗಿ ಹೇಳಿದರು ಎಂದುಕೊಂಡರೂ ಆ ಅಂಕಿ ನಾಳ ಎಷ್ಟು ಕಿರಿದಾಗಿದೆ ಎಂಬುದನ್ನಷ್ಟೇ ತಿಳಿಸುತ್ತದೆ, ಆಚೆಗಿನ ಸ್ನಾಯುವಿಗೆ ರಕ್ತ ಸಾಲುತ್ತಿದೆಯೇ ಎಂಬುದನ್ನಲ್ಲ. 2009ರಲ್ಲಿ ಪ್ರಕಟವಾದ ಫೇಮ್ ಅಧ್ಯಯನದ ರೋಗಿಗಳಲ್ಲೇ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಕಣ್ಣಿಗೆ 50ರಿಂದ 70 ಪರ್ಸೆಂಟ್ ಎಂದು ಕಂಡ ಬ್ಲಾಕ್‌ಗಳಲ್ಲಿ ನಿಜವಾಗಿ ರಕ್ತದ ಕೊರತೆ ಉಂಟುಮಾಡುತ್ತಿದ್ದವು ಶೇ. 35 ಮಾತ್ರ. 71ರಿಂದ 90 ಎಂದು ಕಂಡವುಗಳಲ್ಲೂ ಐದರಲ್ಲಿ ಒಂದು ನಿರುಪದ್ರವಿ.

ಈ ಅನುಮಾನ ತೀರಿಸಲು ಇರುವ ಸಾಧನ ಎಫ್‌ಎಫ್‌ಆರ್, ಅಂದರೆ ಫ್ರ್ಯಾಕ್ಷನಲ್ ಫ್ಲೋ ರಿಸರ್ವ್. ಕ್ಯಾತ್‌ಲ್ಯಾಬ್‌ನ ಟೆಕ್ನಿಷಿಯನ್‌ಗಳು, ನರ್ಸ್‌ಗಳು ಮತ್ತು ಕಾರ್ಡಿಯಾಲಜಿ ಕಲಿಯುತ್ತಿರುವ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಸ್ಟೆಂಟ್ ಬೇಕೇ ಬೇಡವೇ ಎಂಬ ತೀರ್ಮಾನ ಹೇಗಾಗುತ್ತದೆ ಎಂದು ತಿಳಿಯಬಯಸುವ ರೋಗಿಯ ಕಡೆಯವರೂ ಓದಬಹುದು.

ಒತ್ತಡ ಅಳೆದರೆ ಹರಿವು ಹೇಗೆ ತಿಳಿಯುತ್ತದೆ

ವಿಶ್ರಾಂತಿಯಲ್ಲಿರುವಾಗ ಹೃದಯದ ಸೂಕ್ಷ್ಮ ರಕ್ತನಾಳಗಳು ಬ್ಲಾಕ್‌ನ ಕೊರತೆಯನ್ನು ತಾವೇ ಅಗಲವಾಗಿ ತುಂಬಿಕೊಡುತ್ತವೆ. ಹಾಗಾಗಿ ವ್ಯಾಸ ಶೇ. 85ರಷ್ಟು ಕಿರಿದಾಗುವವರೆಗೂ ವಿಶ್ರಾಂತಿಯ ಹರಿವು ಹೆಚ್ಚೇನೂ ಇಳಿಯುವುದಿಲ್ಲ. ಆದರೆ ಗರಿಷ್ಠ ಹರಿವು ಶೇ. 50ರ ಸುಮಾರಿಗೇ ಕುಗ್ಗತೊಡಗುತ್ತದೆ. ನಲ್ಲಿಯನ್ನು ಸಣ್ಣಗೆ ತೆರೆದಾಗ ಪೈಪಿನಲ್ಲಿ ಕಸ ಕಟ್ಟಿರುವುದು ಗೊತ್ತಾಗದು, ಪೂರ್ತಿ ತಿರುಗಿಸಿದಾಗಲೇ ಗೊತ್ತಾಗುವುದು. ಆ 'ಪೂರ್ತಿ ತಿರುಗಿಸುವ' ಕೆಲಸ ಸೂಕ್ಷ್ಮ ನಾಳ ಅಗಲಿಸುವ ಔಷಧಿ ಅಡೆನೋಸಿನ್‌ನದು. ಸೂಕ್ಷ್ಮ ನಾಳಗಳು ಪೂರ್ತಿ ಅಗಲವಾಗಿ ಅವುಗಳ ಪ್ರತಿರೋಧ ತಳಮುಟ್ಟಿದಾಗ, ಒತ್ತಡದ ಇಳಿತವೂ ಹರಿವಿನ ಇಳಿತವೂ ಒಂದೇ ಪ್ರಮಾಣಕ್ಕೆ ಬರುತ್ತವೆ. ಆಗ ಬ್ಲಾಕ್‌ನ ಆಚೆಗಿನ ಸರಾಸರಿ ಒತ್ತಡವನ್ನು (ಪಿಡಿ, ಸೆನ್ಸರ್ ಇರುವ ತೆಳು ವೈರ್ ಅಳೆಯುವುದು) ಮಹಾಪಧಮನಿಯ ಸರಾಸರಿ ಒತ್ತಡದಿಂದ (ಪಿಎ, ಕ್ಯಾಥೆಟರ್ ಮೂಲಕ ಅಳೆಯುವುದು) ಭಾಗಿಸಿದರೆ ಬರುವುದೇ ಎಫ್‌ಎಫ್‌ಆರ್. 0.80 ಅಥವಾ ಕಡಿಮೆ ಇದ್ದರೆ ಆ ಬ್ಲಾಕ್ ಲೆಕ್ಕಕ್ಕೆ ಬರುತ್ತದೆ.

ನೆದರ್‌ಲ್ಯಾಂಡ್ಸ್‌ನ ನಿಕೊ ಪೈಲ್ಸ್ ಮತ್ತು ಬೆಲ್ಜಿಯಂನ ಬರ್ನಾರ್ಡ್ ಡಿ ಬ್ರೈನೆ 1990ರ ದಶಕದಲ್ಲಿ ಈ ವಿಧಾನವನ್ನು ಕಟ್ಟಿ ನಿಲ್ಲಿಸಿದರು. ಅವರ 1996ರ ಪ್ರಬಂಧದಲ್ಲಿದ್ದ ಗೆರೆ 0.75. ಕೊರತೆಯಿರುವ ಬ್ಲಾಕ್ ತಪ್ಪಿಹೋಗಬಾರದೆಂದು ಮುಂದೆ ಅದು 0.80ಕ್ಕೆ ಬಂತು.

ಯಾವ ಬ್ಲಾಕ್‌ಗೆ, ಯಾವುದಕ್ಕೆ ಬೇಡ

ಸ್ಥಿರವಾದ ಎದೆನೋವಿನ ರೋಗಿಯಲ್ಲಿ, ಕಣ್ಣಿಗೆ 40ರಿಂದ 90ರೊಳಗೆ ಕಾಣುವ ಬ್ಲಾಕ್, ಅದೇ ಭಾಗದಲ್ಲಿ ಕೊರತೆಯಿದೆ ಎಂದು ತೋರಿಸುವ ಸ್ಟ್ರೆಸ್ ಪರೀಕ್ಷೆ ಕೈಯಲ್ಲಿಲ್ಲ ಎಂದಾಗ ಇದರ ಉಪಯೋಗ ಹೆಚ್ಚು. ಎರಡು ಮೂರು ನಾಳಗಳಲ್ಲಿ ಬ್ಲಾಕ್ ಇರುವವರಲ್ಲಿ ಇನ್ನೂ ಹೆಚ್ಚು. ಫೇಮ್‌ನ 1005 ರೋಗಿಗಳಲ್ಲಿ ಎಫ್‌ಎಫ್‌ಆರ್ ನೋಡಿ ಸ್ಟೆಂಟ್ ಹಾಕಿಸಿಕೊಂಡವರಿಗೆ ತಲಾ 1.9 ಸ್ಟೆಂಟ್ ಬಿದ್ದವು, ಆಂಜಿಯೋಗ್ರಾಮ್ ಮಾತ್ರ ನೋಡಿ ಹಾಕಿಸಿಕೊಂಡವರಿಗೆ 2.7. ಒಂದು ವರ್ಷದಲ್ಲಿ ಸಾವು, ಹೃದಯಾಘಾತ ಅಥವಾ ಮರುಚಿಕಿತ್ಸೆ ಕಂಡವರು ಕ್ರಮವಾಗಿ ಶೇ. 13.2 ಮತ್ತು 18.3. ಕಡಿಮೆ ಸ್ಟೆಂಟ್, ಕಡಿಮೆ ತೊಂದರೆ.

ಹೃದಯಾಘಾತಕ್ಕೆ ಕಾರಣವಾದ ನಾಳದಲ್ಲೇ ಆ ಹೊತ್ತಿಗೆ ಅಳೆಯಬೇಡಿ. ಅಲ್ಲಿನ ಸೂಕ್ಷ್ಮ ನಾಳಗಳು ಪೆಟ್ಟು ತಿಂದಿರುತ್ತವೆ, ಅಡೆನೋಸಿನ್‌ಗೆ ಸರಿಯಾಗಿ ಅಗಲವಾಗುವುದಿಲ್ಲ, ನಂಬರ್ ಸುಳ್ಳೇ ಚೆನ್ನಾಗಿ ಕಾಣುತ್ತದೆ. ನಾಳ ತೀರಾ ಸುತ್ತಿಬಳಸಿ ಹೋಗಿದ್ದರೆ ವೈರ್ ಹೋಗುವುದೇ ಕಷ್ಟ. 95 ಪರ್ಸೆಂಟ್ ಬ್ಲಾಕ್, ಜೊತೆಗೆ ಸ್ಪಷ್ಟ ಎದೆನೋವು ಇದ್ದರೆ ವೈರ್‌ನ ಖರ್ಚು ವ್ಯರ್ಥ. ಅದು ಒಬ್ಬ ರೋಗಿಗೆ ಮಾತ್ರ ಬಳಸುವ ಸಾಮಾನು, ಬಿಲ್ಲಿನಲ್ಲಿ ಬೇರೆಯಾಗಿ ಬರುತ್ತದೆ. ಆದ್ದರಿಂದ ಬೇಕಾಗಬಹುದು ಎಂಬ ಮಾತನ್ನು ರೋಗಿ ಟೇಬಲ್ ಹತ್ತುವ ಮೊದಲೇ ಆಡಿಬಿಡುವುದು ಮೇಲು.

ಹಿಂದಿನ ದಿನದ ಕೆಲಸ

ಕಾಫಿ ಬಿಡಿಸಿ. ಕೆಫೀನ್ ಅಡೆನೋಸಿನ್‌ಗೆ ನೇರ ಎದುರಾಳಿ. ಕಾಫಿ, ಟೀ, ಕೋಲಾ ಯಾವುದೂ ಕನಿಷ್ಠ 12 ಗಂಟೆ ಬೇಡ, 24 ಆದರೆ ಒಳ್ಳೆಯದು. "ಬೆಳಗ್ಗೆಯಿಂದ ಏನೂ ತಿಂದಿಲ್ಲ" ಎಂಬ ಉತ್ತರ ಸಾಲದು. ಖಾಲಿ ಹೊಟ್ಟೆ ಎಂದರೆ ಕಾಫಿ ಲೆಕ್ಕಕ್ಕಿಲ್ಲ ಎಂದುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಹೆಸರು ಹಿಡಿದೇ ಕೇಳಬೇಕು. ಥಿಯೋಫಿಲಿನ್ ಇರುವ ದಮ್ಮಿನ ಮಾತ್ರೆಗಳೂ (ಡೆರಿಫಿಲಿನ್‌ನಂಥವು) ಇದೇ ಕೆಲಸ ಮಾಡುತ್ತವೆ. ಡೈಪಿರಿಡಮೋಲ್ ತಗೊಳ್ಳುವವರಲ್ಲಿ ತದ್ವಿರುದ್ಧ, ಅಡೆನೋಸಿನ್ ಅತಿಯಾಗಿ ಹಿಡಿಯುತ್ತದೆ.

ಅಸ್ತಮಾ, ಪೇಸ್‌ಮೇಕರ್ ಇಲ್ಲದ ಎರಡನೇ ಅಥವಾ ಮೂರನೇ ಹಂತದ ಹಾರ್ಟ್ ಬ್ಲಾಕ್ (ನಾಳದ ಬ್ಲಾಕ್ ಅಲ್ಲ, ಹೃದಯದ ವಿದ್ಯುತ್ ಸಂಕೇತಕ್ಕೆ ಬೀಳುವ ತಡೆ), ತೀರಾ ಕಡಿಮೆ ಬಿ.ಪಿ. ಇದ್ದರೆ ಅಡೆನೋಸಿನ್ ಬೇಡ. ಅಂಥವರಿಗೆ ಔಷಧಿಯಿಲ್ಲದ ಅಳತೆಯಿದೆ, ಅದನ್ನು ಮುಂದೆ ನೋಡೋಣ. ಸಿಲ್ಡೆನಾಫಿಲ್ ಜಾತಿಯ ಮಾತ್ರೆ ತಗೊಂಡಿದ್ದಾರೆಯೇ ಎಂದೂ ಕೇಳಿ, ಏಕೆಂದರೆ ನೈಟ್ರೋಗ್ಲಿಸರಿನ್ ಕೊಡುವುದಿದೆ.

ಟೇಬಲ್ ಮೇಲೆ

1. ಗೈಡಿಂಗ್ ಕ್ಯಾಥೆಟರ್ (ನಾಳದ ಬಾಯಿಗೆ ಕೂರುವ ಕೊಳವೆ, ಮುಂದೆ 'ಗೈಡ್'): 6 ಫ್ರೆಂಚ್ ಗಾತ್ರ, ಬದಿಯಲ್ಲಿ ರಂಧ್ರವಿಲ್ಲದ್ದು. ರಂಧ್ರವಿರುವುದನ್ನು ಬಳಸಿದರೆ ಪಿಎ ಯಾವ ಜಾಗದ್ದು ಎಂಬುದೇ ಅನುಮಾನಕ್ಕೆ ಬೀಳುತ್ತದೆ, ನಾಳದೊಳಗೆ ಕೊಟ್ಟ ಅಡೆನೋಸಿನ್ ಕೂಡ ಆ ರಂಧ್ರಗಳಿಂದ ಮಹಾಪಧಮನಿಗೆ ಸೋರಿಹೋಗುತ್ತದೆ. ಡಯಾಗ್ನೋಸ್ಟಿಕ್ ಕ್ಯಾಥೆಟರ್‌ನಲ್ಲೇ ವೈರ್ ಬಿಡುವ ಉಳಿತಾಯ ಬೇಡ. ಏನಾದರೂ ಆದರೆ ಅದರೊಳಗೆ ಬಲೂನ್ ಹೋಗುವುದಿಲ್ಲ.

2. ಹೆಪಾರಿನ್: ಪ್ರತಿ ಕೆ.ಜಿ.ಗೆ 70ರಿಂದ 100 ಯೂನಿಟ್. ಎಸಿಟಿ, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, 250 ಸೆಕೆಂಡು ದಾಟಬೇಕು. "ಬರೀ ಅಳತೆ ತಾನೇ" ಎಂದು ಇದನ್ನು ಬಿಡುವಂತಿಲ್ಲ, ಕೊರೊನರಿಯೊಳಗೆ (ಹೃದಯಕ್ಕೆ ರಕ್ತ ಕೊಡುವ ನಾಳದೊಳಗೆ) ವೈರ್ ಹೋಗುತ್ತಿದೆ.

3. ಟ್ರಾನ್ಸ್‌ಡ್ಯೂಸರ್ (ಪಿಎ ಅಳೆಯುವ ಸಾಧನ) ಝೀರೋ: ಹೃದಯದ ಮಟ್ಟ, ಅಂದರೆ ಮಲಗಿದ ರೋಗಿಯ ಎದೆಯ ದಪ್ಪದ ನಡುಮಟ್ಟ. ಒಮ್ಮೆ ಸರಿಹೊಂದಿಸಿದ ಮೇಲೆ ಕೇಸ್ ಮುಗಿಯುವವರೆಗೆ ಅದನ್ನು ಮುಟ್ಟಬಾರದು. ಟ್ರಾನ್ಸ್‌ಡ್ಯೂಸರ್ ಟೇಬಲ್‌ಗೆ ಕಟ್ಟಿದ್ದರೆ ಟೇಬಲ್ ಏರಿಳಿದರೂ ಜೊತೆಗೇ ಹೋಗುತ್ತದೆ. ಸ್ಟ್ಯಾಂಡ್‌ಗೆ ಕಟ್ಟಿದ್ದರೆ ಟೇಬಲ್ ಏರಿಸಿದ ಪ್ರತಿ ಸೆಂಟಿಮೀಟರಿಗೂ ಸುಮಾರು 0.8 ಎಂಎಂ (ಪಾದರಸದ ಅಳತೆಯ ಒತ್ತಡ) ತಪ್ಪು ಸೇರುತ್ತದೆ. ಲೈನಿನಲ್ಲಿ ಗುಳ್ಳೆ ಉಳಿದಿದ್ದರೆ ಪರದೆಯ ಮೇಲಿನ ಒತ್ತಡದ ಅಲೆ ಮೊಂಡಾಗುತ್ತದೆ. ಒಮ್ಮೆ ಚೆನ್ನಾಗಿ ಫ್ಲಶ್ ಮಾಡಿ.

4. ಪ್ರೆಶರ್ ವೈರ್: ಸುರುಳಿಯೊಳಗೆ ಇರುವಾಗಲೇ ಸಲೈನ್ ತುಂಬಿ, ಸಮತಟ್ಟಾಗಿ ಇಟ್ಟು, ಆಮೇಲೆ ಝೀರೋ ಮಾಡಿ. ಒಣ ವೈರ್‌ನ ಝೀರೋ ನಂಬಿಕೆಗೆ ಅರ್ಹವಲ್ಲ. ಸೆನ್ಸರ್ ಇರುವುದು ತುದಿಯಲ್ಲಲ್ಲ, ತುದಿಯಿಂದ ಸುಮಾರು 3 ಸೆಂ.ಮೀ. ಹಿಂದೆ, ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣುವ ಭಾಗ ಮುಗಿಯುವಲ್ಲಿ.

5. ನೈಟ್ರೋಗ್ಲಿಸರಿನ್: ನಾಳದೊಳಗೆ 100ರಿಂದ 200 ಮೈಕ್ರೋಗ್ರಾಂ. ದೊಡ್ಡ ನಾಳ ಸೆಟೆದುಕೊಂಡಿದ್ದರೆ ಬ್ಲಾಕ್ ಇದ್ದದ್ದಕ್ಕಿಂತ ಹೆಚ್ಚು ಎಂದು ಕಾಣುತ್ತದೆ. ಕೇಸ್ ಉದ್ದವಾದರೆ ಅರ್ಧ ಗಂಟೆಗೊಮ್ಮೆ ಮತ್ತೆ ಕೊಡಬೇಕು.

6. ಸರಿಸಮ ಮಾಡುವುದು: ಸೆನ್ಸರ್ ಅನ್ನು ಗೈಡಿಂಗ್ ಕ್ಯಾಥೆಟರ್‌ನ ಬಾಯಿಂದ ಒಂಚೂರು ಹೊರಗೆ ತನ್ನಿ. ವೈರ್ ತೂರಿಸಲು ಬಳಸಿದ ಸೂಜಿಯನ್ನು ಹೊರತೆಗೆಯಿರಿ, ವೈ-ಕನೆಕ್ಟರ್ ಬಿಗಿಯಿರಿ, ಒಳಗಿನ ಕಾಂಟ್ರಾಸ್ಟ್ ಅನ್ನು (ಎಕ್ಸ್‌ರೇ ಚಿತ್ರಕ್ಕೆ ಬಿಡುವ ದ್ರವ) ಸಲೈನಿನಿಂದ ತೊಳೆಯಿರಿ. ಈಗ ಎರಡೂ ಅಲೆಗಳು ಒಂದರ ಮೇಲೊಂದು ಕೂರಬೇಕು. ಸರಾಸರಿ ಅಂಕಿ ಒಂದೇ ಇದ್ದರೆ ಸಾಲದು, ಆಕಾರವೂ ಒಂದೇ ಇರಬೇಕು. ಕೂತ ಮೇಲೆ ಈಕ್ವಲೈಸ್ ಒತ್ತಿ.

ಈ ಆರನೇ ಹೆಜ್ಜೆಯಲ್ಲಿ ಎಲ್ಲರೂ ಅವಸರ ಮಾಡುತ್ತಾರೆ, ಅರ್ಧಕ್ಕರ್ಧ ತಪ್ಪು ಹುಟ್ಟುವುದೂ ಇಲ್ಲೇ. ಸೂಜಿ ಹಾಗೇ ಉಳಿದರೆ ಅಲ್ಲಿಂದ ಒತ್ತಡ ಸೋರಿ ಪಿಎ ಕೆಲವು ಎಂಎಂ ಕಡಿಮೆ ತೋರಿಸುತ್ತದೆ. ಆ ಕಡಿಮೆಗೇ ವೈರ್ ಅನ್ನು ಸರಿಸಮ ಮಾಡಿ, ಆಮೇಲೆ ಸೂಜಿ ತೆಗೆದರೆ ಪಿಎ ಮೇಲೇರುತ್ತದೆ, ಪಿಡಿ ಅಲ್ಲೇ ಉಳಿಯುತ್ತದೆ, ಇಲ್ಲದ ಬ್ಲಾಕ್ ಹುಟ್ಟಿಕೊಳ್ಳುತ್ತದೆ. ಸರಿಸಮ ಮಾಡುವಾಗ ತೆಗೆದು, ಅಳೆಯುವಾಗ ಒಳಗೆ ಬಿಟ್ಟರೆ ಇದರ ಉಲ್ಟಾ ಆಗಿ, ಇರುವ ಬ್ಲಾಕ್ ಮರೆಯಾಗುತ್ತದೆ.

7. ದಾಟುವುದು: ಸೆನ್ಸರ್ ಬ್ಲಾಕ್‌ನಿಂದ ಕನಿಷ್ಠ 2–3 ಸೆಂ.ಮೀ. ಆಚೆ, ಸಾಧ್ಯವಿದ್ದರೆ ನಾಳದ ಕೊನೆಯ ಮೂರನೇ ಭಾಗಕ್ಕೆ ಹೋಗಲಿ. ಬ್ಲಾಕ್‌ನ ಬೆನ್ನಿಗೇ ನಿಲ್ಲಿಸಿದರೆ ಅಲ್ಲಿನ ಸುಳಿಯಲ್ಲಿ ಅಳತೆ ಕೆಡುತ್ತದೆ. ಸೆನ್ಸರ್ ನಿಂತ ಜಾಗವನ್ನು ಒಂದು ಚಿತ್ರ ತೆಗೆದು ಉಳಿಸಿ. ಸ್ಟೆಂಟ್ ಆದ ಮೇಲೆ ಮತ್ತೆ ಅಳೆಯುವಾಗ ಅದೇ ಜಾಗ ಬೇಕಾಗುತ್ತದೆ.

ಅಡೆನೋಸಿನ್ ಲೆಕ್ಕ

ನಮ್ಮಲ್ಲಿ ಸಿಗುವ ಸಾಮಾನ್ಯ ಆಂಪ್ಯೂಲ್ 2 ಮಿ.ಲೀ.ಯಲ್ಲಿ 6 ಮಿ.ಗ್ರಾಂ, ಅಂದರೆ ಮಿ.ಲೀ.ಗೆ 3 ಮಿ.ಗ್ರಾಂ. ಲೇಬಲ್ ಓದಿಯೇ ಮುಂದುವರಿಯಿರಿ.

ರಕ್ತನಾಳದ ಡ್ರಿಪ್ ಮೂಲಕ ಕೊಡುವುದಾದರೆ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 140 ಮೈಕ್ರೋಗ್ರಾಂ. ಬೆರಕೆಯಿಲ್ಲದ ಔಷಧಿಯನ್ನು ಸಿರಿಂಜ್ ಪಂಪ್‌ಗೆ ಹಾಕಿದರೆ ಲೆಕ್ಕ ಸುಲಭ: ತೂಕವನ್ನು 2.8ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಮಿ.ಲೀ. ಎಂಬುದು ಸಿಗುತ್ತದೆ. 70 ಕೆ.ಜಿ.ಗೆ ಗಂಟೆಗೆ 196 ಮಿ.ಲೀ. ನಿಮಿಷಕ್ಕೆ 9.8 ಮಿ.ಗ್ರಾಂ ಖರ್ಚಾಗುವುದರಿಂದ ಮೂರು ನಿಮಿಷಕ್ಕೆ ಐದು ಆಂಪ್ಯೂಲ್ ಬೇಕು. ಟ್ಯೂಬಿನಲ್ಲಿ ನಿಲ್ಲುವುದನ್ನೂ ಸೇರಿಸಿ ಏಳೆಂಟು ತೆಗೆದಿಟ್ಟುಕೊಂಡರೆ ನಡುವೆ ಓಡಾಟ ತಪ್ಪುತ್ತದೆ. ಸೂಜಿ ಮೊಣಕೈ ಮಡಿಕೆಯ ದೊಡ್ಡ ರಕ್ತನಾಳದಲ್ಲಿ ಅಥವಾ ತೊಡೆಯ ರಕ್ತನಾಳದಲ್ಲಿರಲಿ. ಅಡೆನೋಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹತ್ತು ಸೆಕೆಂಡೂ ಬೇಡ, ಮುಂಗೈಯ ಸಣ್ಣ ನಾಳದಿಂದ ಹೃದಯ ತಲುಪುವಷ್ಟರಲ್ಲಿ ಸತ್ವ ಕಳೆದುಕೊಳ್ಳಬಹುದು. ಅದೇ ಕೈಗೆ ಬಿ.ಪಿ. ಪಟ್ಟಿ ಕಟ್ಟಿದ್ದರೆ ಪಟ್ಟಿ ಉಬ್ಬಿದಾಗಲೆಲ್ಲ ಔಷಧಿ ನಿಲ್ಲುತ್ತದೆ. ಕೇಳಲು ಚಿಕ್ಕ ವಿಷಯ, ಆಗಾಗ ಆಗುವ ತಪ್ಪು.

ರೋಗಿಗೆ ಮೊದಲೇ ಹೇಳಿ: "ಒಂದೆರಡು ನಿಮಿಷ ಎದೆ ಬಿಗಿದ ಹಾಗೆ, ಉಸಿರು ಕಟ್ಟಿದ ಹಾಗೆ, ಮುಖ ಬಿಸಿಯಾದ ಹಾಗೆ ಆಗುತ್ತೆ. ಔಷಧಿಯಿಂದ ಆಗೋದು, ನಿಲ್ಲಿಸಿದ ತಕ್ಷಣ ಹೋಗುತ್ತೆ." ಈ ಮಾತು ಹೇಳದೆ ಶುರುಮಾಡಿದರೆ ರೋಗಿ ಗಾಬರಿಯಾಗಿ ಕೈಕಾಲು ಆಡಿಸುತ್ತಾರೆ, ಅಲೆ ಕೆಡುತ್ತದೆ.

ಡ್ರಿಪ್ ಬದಲು ಕೊರೊನರಿ ನಾಳದೊಳಗೇ ಕೊಡುವುದು ಅಗ್ಗ, ಬೇಗ. ಒಂದು ಆಂಪ್ಯೂಲ್‌ಗೆ 58 ಮಿ.ಲೀ. ಸಲೈನ್ ಸೇರಿಸಿ 60 ಮಿ.ಲೀ. ಮಾಡಿದರೆ ಮಿ.ಲೀ.ಗೆ 100 ಮೈಕ್ರೋಗ್ರಾಂ. ಎಡ ಕೊರೊನರಿಗೆ 2 ಮಿ.ಲೀ., ಬಲಕ್ಕೆ 1 ಮಿ.ಲೀ., ಹಿಂದೆಯೇ ಸಲೈನಿನಿಂದ ರಭಸವಾಗಿ ತಳ್ಳಬೇಕು. ಆ ಸಿರಿಂಜ್‌ಗೆ ಕಡ್ಡಾಯವಾಗಿ ಹೆಸರು ಅಂಟಿಸಿ. ಬೆರೆಸದ ಆಂಪ್ಯೂಲ್ ಪಕ್ಕದಲ್ಲೇ ಇರುತ್ತದೆ, ಅದರ ಒಂದು ಮಿ.ಲೀ.ಯಲ್ಲಿ 3000 ಮೈಕ್ರೋಗ್ರಾಂ ಇದೆ. ಬಲ ಕೊರೊನರಿಗೆ ಕೊಟ್ಟಾಗ ಕೆಲವು ಸೆಕೆಂಡು ಹಾರ್ಟ್ ಬ್ಲಾಕ್ ಆಗುವುದು ಅಪರೂಪವಲ್ಲ, ಕೆಮ್ಮಲು ಹೇಳಿ, ತಾನೇ ಸರಿಹೋಗುತ್ತದೆ. ಬ್ಲಾಕ್ ನಾಳದ ಬಾಯಲ್ಲೇ ಇದ್ದರೆ ಈ ದಾರಿ ಬೇಡ. ಔಷಧಿ ಕೊಡಲು ಗೈಡ್ ಒಳಗಿರಬೇಕು, ಅಳೆಯಲು ಹೊರಗಿರಬೇಕು, ಎರಡೂ ಒಟ್ಟಿಗೆ ಆಗದು. ಇದರ ಪರಿಣಾಮ ಕೆಲವೇ ಸೆಕೆಂಡು ಇರುವುದರಿಂದ ಪುಲ್‌ಬ್ಯಾಕ್‌ಗೂ (ವೈರ್ ಹಿಂದಕ್ಕೆಳೆಯುತ್ತ ಅಳೆಯುವುದಕ್ಕೂ) ಸಾಲದು. ಅಡೆನೋಸಿನ್ ಆಗದವರಿಗೆ ನಾಳದೊಳಗೆ ನಿಕೊರ್ಯಾಂಡಿಲ್ 2 ಮಿ.ಗ್ರಾಂ ಕೊಡುವ ಪದ್ಧತಿ ಕೊರಿಯಾ, ಜಪಾನ್‌ಗಳಲ್ಲಿ ಬೆಳೆದಿದೆ.

ನಂಬರ್ ಓದುವ ಮೊದಲು

ಯಂತ್ರ ತಾನೇ ಅತಿ ಕಡಿಮೆ ಅನುಪಾತವನ್ನು ಹುಡುಕಿ ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ. ಅದು ಯಾವ ಬಡಿತದಿಂದ ಬಂತು ಎಂದು ನೋಡದೆ ರಿಪೋರ್ಟ್‌ಗೆ ಬರೆಯಬೇಡಿ. ಸಲೈನ್ ತಳ್ಳುವಾಗ ಪಿಎ ಅಲೆ ಕೆಡುತ್ತದೆ, ಎಕ್ಟೋಪಿಕ್ (ನಡುವೆ ಅಕಾಲದಲ್ಲಿ ಬರುವ) ಬಡಿತದಲ್ಲಿ ಕೆಡುತ್ತದೆ, ರೋಗಿ ಕೆಮ್ಮಿದರೂ ಕೆಡುತ್ತದೆ. ಅಂಥ ಕಡೆ ಸಿಕ್ಕ 0.74 ಒಂದು ಅಂಕಿ ಮಾತ್ರ, ಎಫ್‌ಎಫ್‌ಆರ್ ಅಲ್ಲ. ಕರ್ಸರ್ ಅನ್ನು ಕೈಯಿಂದ ಸರಿಸಿ, ಎರಡೂ ಅಲೆ ಶುದ್ಧವಾಗಿರುವ, ಅನುಪಾತ ನೆಲೆನಿಂತಿರುವ ಕಡೆಯ ಅತಿ ಕಡಿಮೆ ಅಂಕಿ ಆರಿಸಿಕೊಳ್ಳಿ.

ಪಿಎ ಅಲೆಯಲ್ಲಿ ಡೈಕ್ರೋಟಿಕ್ ನಾಚ್, ಅಂದರೆ ಇಳಿಜಾರಿನ ನಡುವಿನ ಸಣ್ಣ ಕಚ್ಚು, ಕಾಣುತ್ತಿದೆಯೇ? ಅದು ಅಳಿಸಿಹೋಗಿ ಅಲೆ ಚಪ್ಪಟೆಯಾಗಿದ್ದರೆ ಗೈಡ್ ಆಳಕ್ಕೆ ಹೋಗಿ ನಾಳದ ಬಾಯಿ ಮುಚ್ಚಿದೆ. ಪಿಎ ಕಡಿಮೆಯಾಗಿ ಅನುಪಾತ ಸುಳ್ಳೇ ಮೇಲೇರುತ್ತದೆ, ಸ್ಟೆಂಟ್ ಬೇಕಾದವರು ಹಾಗೇ ಮನೆಗೆ ಹೋಗುತ್ತಾರೆ. ಗೈಡ್ ಅನ್ನು ತುಸು ಹಿಂದೆಗೆದು ಮತ್ತೆ ನೋಡಿ. ಡ್ರಿಪ್ ಕೊಡುವಾಗಲಂತೂ ಗೈಡ್ ಹೊರಗಿದ್ದರೇ ಒಳ್ಳೆಯದು.

ಪಿಡಿ ಅಲೆಯಲ್ಲಿ ಚೂಪಾದ ಮುಳ್ಳುಗಳು ಎದ್ದರೆ ಸೆನ್ಸರ್ ನಾಳದ ಗೋಡೆಗೆ ಬಡಿಯುತ್ತಿದೆ. ಕೆಲವು ಮಿ.ಮೀ. ಹಿಂದೆ ಮುಂದೆ ಮಾಡಿದರೆ ಸಾಕು. ತಿರುವಿನ ನಾಳವನ್ನು ವೈರ್ ನೇರ ಮಾಡಿದಾಗ ಗೋಡೆ ಮಡಿಚಿಕೊಂಡು ಹೊಸ ಬ್ಲಾಕ್‌ಗಳಿದ್ದಂತೆ ಕಾಣುತ್ತದೆ. ವೈರ್‌ನ ಮೆದು ತುದಿ ಮಾತ್ರ ಒಳಗಿರುವಷ್ಟು ಹಿಂದಕ್ಕೆಳೆದರೆ ಅದು ಮಾಯವಾಗುತ್ತದೆ.

ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ಮಲಗಿದ ರೋಗಿಯಲ್ಲಿ ಎಲ್‌ಎಡಿಯ (ಹೃದಯದ ಮುಂಭಾಗದ ನಾಳ) ತುದಿ ಮಹಾಪಧಮನಿಯ ಬುಡಕ್ಕಿಂತ ಮೇಲಿರುತ್ತದೆ, ಸರ್ಕಂಫ್ಲೆಕ್ಸ್ (ಹಿಂಬದಿಗೆ ಸುತ್ತುವ ನಾಳ) ಕೆಳಗಿರುತ್ತದೆ. ಐದು ಸೆಂ.ಮೀ. ಎತ್ತರಕ್ಕೆ ಸುಮಾರು 4 ಎಂಎಂ ವ್ಯತ್ಯಾಸ. ಹಾಗಾಗಿ ಎಲ್‌ಎಡಿಯಲ್ಲಿ ನಂಬರ್ ಕೊಂಚ ಕಡಿಮೆ ಬರುತ್ತದೆ, ಸರ್ಕಂಫ್ಲೆಕ್ಸ್‌ನಲ್ಲಿ ಕೊಂಚ ಹೆಚ್ಚು. ಆರೋಗ್ಯವಂತ ಸರ್ಕಂಫ್ಲೆಕ್ಸ್‌ನಲ್ಲಿ 1.02 ಕಂಡರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ.

ಕೊನೆಗೆ ಡ್ರಿಫ್ಟ್, ಅಂದರೆ ಕೇಸ್ ನಡುವೆ ವೈರ್‌ನ ಅಳತೆ ತಾನಾಗಿ ಸರಿದುಹೋಗುವುದು. ಸೆನ್ಸರ್ ಅನ್ನು ಗೈಡ್ ಬಾಯಿಗೆ ಮರಳಿ ತಂದಾಗ ಎರಡೂ ಒತ್ತಡ ಮತ್ತೆ ಒಂದಾಗಬೇಕು. 2 ಎಂಎಂವರೆಗಿನ ವ್ಯತ್ಯಾಸ ಒಪ್ಪಬಹುದು. 3 ಅಥವಾ ಹೆಚ್ಚಿದ್ದರೆ ಮತ್ತೆ ಸರಿಸಮ ಮಾಡಿ ಎಲ್ಲವನ್ನೂ ಮತ್ತೆ ಅಳೆಯಬೇಕು. ಒಂದು ಲೆಕ್ಕ ನೋಡಿ. ಪಿಎ 92, ಪಿಡಿ 71, ಎಫ್‌ಎಫ್‌ಆರ್ 0.77, ಸ್ಟೆಂಟ್ ಹಾಕಬೇಕಾದ ಬ್ಲಾಕ್. ವೈರ್ ಹಿಂದೆ ತಂದಾಗ ಪಿಎ 92 ಇದ್ದು ವೈರ್ 88 ತೋರಿಸಿತು. ನಾಲ್ಕು ಕೂಡಿಸಿದರೆ ಪಿಡಿ 75, ಎಫ್‌ಎಫ್‌ಆರ್ 0.82. ತೀರ್ಮಾನ ತಿರುಗಿಬಿತ್ತು. ಹೀಗೆ ಕೂಡಿಸಿ ಕಳೆದು ರಿಪೋರ್ಟ್ ಮಾಡಲೂಬಾರದು, ಏಕೆಂದರೆ ಡ್ರಿಫ್ಟ್ ಅಳತೆಗೆ ಮೊದಲೇ ಆಯಿತೋ ಆಮೇಲೆ ಆಯಿತೋ ಹೇಳಲಾಗದು. ವೈರ್‌ನ ಹಿಂತುದಿಯಲ್ಲಿ ರಕ್ತ ಅಥವಾ ಕಾಂಟ್ರಾಸ್ಟ್ ಅಂಟಿಕೊಂಡಿರುವುದು ಸಿಗ್ನಲ್ ಕೆಡಲು ಸಾಮಾನ್ಯ ಕಾರಣ, ಜೋಡಿಸುವ ಮೊದಲು ಒರೆಸಿ ಒಣಗಿಸಿ.

ಸಾಲಾಗಿ ಎರಡು ಬ್ಲಾಕ್ ಇದ್ದರೆ

ಒಂದೇ ನಾಳದಲ್ಲಿ ಎರಡು ಬ್ಲಾಕ್ ಇದ್ದಾಗ ತುದಿಯಲ್ಲಿ ಸಿಗುವ 0.70 ಇಡೀ ನಾಳದ್ದು. ಯಾವುದು ಎಷ್ಟಕ್ಕೆ ಹೊಣೆ ಎಂದು ತಿಳಿಯಲು ಅಡೆನೋಸಿನ್ ಡ್ರಿಪ್ ಓಡುತ್ತಿರುವಾಗಲೇ ವೈರ್ ಅನ್ನು ನಿಧಾನವಾಗಿ, ಒಂದೇ ವೇಗದಲ್ಲಿ ಎಳೆಯಬೇಕು. ಒತ್ತಡ ಎಲ್ಲಿ ದೊಡ್ಡ ಮೆಟ್ಟಿಲು ಹತ್ತುತ್ತದೋ ಅದಕ್ಕೆ ಮೊದಲ ಸ್ಟೆಂಟ್. ಆಮೇಲೆ ಇನ್ನೊಂದನ್ನು ಹೊಸದಾಗಿ ಅಳೆಯಿರಿ. ಮೊದಲನೆಯದು ತೆರೆದಾಗ ಹರಿವು ಹೆಚ್ಚಿ, ಮೊದಲು ಸಣ್ಣದೆಂದು ಕಂಡ ಎರಡನೆಯದು ನಿಜವಾದ ಗಾತ್ರ ತೋರಿಸಬಹುದು. ಮೆಟ್ಟಿಲೇ ಇಲ್ಲದೆ ಉದ್ದಕ್ಕೂ ಇಳಿಜಾರಿನಂತೆ ಏರಿದರೆ ನಾಳವೆಲ್ಲ ಕೊಬ್ಬು ಹರಡಿದೆ ಎಂದರ್ಥ. ಅಂಥಲ್ಲಿ ಒಂದು ಸ್ಟೆಂಟ್‌ನಿಂದ ಸಿಗುವ ಲಾಭ ಬಹಳ ಕಡಿಮೆ, ಮೂರು ಹಾಕಿದರೂ ಅಷ್ಟೇ. ಸ್ಟೆಂಟ್ ಆದ ಮೇಲಿನ ಎಫ್‌ಎಫ್‌ಆರ್ 0.90 ದಾಟಿದರೆ ಕೆಲಸ ಚೆನ್ನಾಗಿ ಆಗಿದೆ.

ಅಡೆನೋಸಿನ್ ಇಲ್ಲದ ಅಳತೆ

ಐಎಫ್‌ಆರ್ (ಇನ್‌ಸ್ಟಂಟೇನಿಯಸ್ ವೇವ್-ಫ್ರೀ ರೇಶಿಯೋ) ಎಂಬ ಅಳತೆ ಲಂಡನ್‌ನ ಇಂಪೀರಿಯಲ್ ಕಾಲೇಜಿನಲ್ಲಿ ರೂಪುಗೊಂಡಿತು. ಡಯಾಸ್ಟೊಲಿಯ (ಹೃದಯ ಸಡಿಲವಾಗುವ ಹೊತ್ತಿನ) ಒಂದು ಭಾಗದಲ್ಲಿ ಸೂಕ್ಷ್ಮ ನಾಳಗಳ ಪ್ರತಿರೋಧ ತಾನಾಗಿಯೇ ಕಡಿಮೆ ಇದ್ದು ಸ್ಥಿರವಾಗಿರುತ್ತದೆ, ಆ ಹೊತ್ತಿನ ಅನುಪಾತವನ್ನು ಯಂತ್ರ ತೆಗೆಯುತ್ತದೆ. ಗೆರೆ 0.89. ಆರ್‌ಎಫ್‌ಆರ್, ಡಿಎಫ್‌ಆರ್ ಎಂಬವು ಬೇರೆ ಕಂಪನಿಗಳ ಇದೇ ಕುಲದ ಅಳತೆಗಳು, ಗೆರೆಯೂ ಅದೇ. 2017ರಲ್ಲಿ ಬಂದ ಡಿಫೈನ್-ಫ್ಲೇರ್ ಮತ್ತು ಐಎಫ್‌ಆರ್-ಸ್ವೀಡ್‌ಹಾರ್ಟ್ ಅಧ್ಯಯನಗಳೆರಡೂ, ಒಂದು ವರ್ಷದ ಫಲಿತಾಂಶದಲ್ಲಿ ಇದು ಎಫ್‌ಎಫ್‌ಆರ್‌ಗೆ ಕಡಿಮೆಯಲ್ಲ ಎಂದು ತೋರಿಸಿದವು. ಝೀರೋ, ಸರಿಸಮ, ಡ್ರಿಫ್ಟ್ ಎಲ್ಲ ಇಲ್ಲೂ ಅಷ್ಟೇ ಮುಖ್ಯ. ಹೇಳಬೇಕೆಂದರೆ ಹೆಚ್ಚು ಮುಖ್ಯ, ಏಕೆಂದರೆ ವಿಶ್ರಾಂತಿಯಲ್ಲಿ ಒತ್ತಡದ ವ್ಯತ್ಯಾಸವೇ ಚಿಕ್ಕದು, ಎರಡು ಎಂಎಂ ತಪ್ಪು ಅಲ್ಲಿ ದೊಡ್ಡದಾಗುತ್ತದೆ. ರೋಗಿ ಗಾಬರಿಯಲ್ಲಿದ್ದು ಹೃದಯ ಜೋರಾಗಿ ಓಡುತ್ತಿದ್ದರೆ ಅದು 'ವಿಶ್ರಾಂತಿ'ಯೇ ಅಲ್ಲ. ನೈಟ್ರೋಗ್ಲಿಸರಿನ್ ಅಥವಾ ಕಾಂಟ್ರಾಸ್ಟ್ ಕೊಟ್ಟ ಮೇಲೆಯೂ ಹರಿವು ಮಾಮೂಲಿಗೆ ಬರುವವರೆಗೆ ಕಾಯಬೇಕು.

ಎರಡೂ ಅಳತೆ ಮಾಡಿದರೆ ಸುಮಾರು ಐದರಲ್ಲಿ ಒಂದು ಕಡೆ ಒಂದಕ್ಕೊಂದು ಹೊಂದುವುದಿಲ್ಲ. ಅಂಥ ಕಡೆ ಮೊದಲು ಅಲೆಗಳನ್ನೇ ಅನುಮಾನಿಸಿ. ಅವು ಸರಿಯಿದ್ದರೆ ಸೂಕ್ಷ್ಮ ನಾಳಗಳ ಕಾಯಿಲೆ ಇದೆಯೇ, ಸಕ್ಕರೆ ಕಾಯಿಲೆ ಎಷ್ಟು ವರ್ಷದ್ದು ಎಂದು ಯೋಚಿಸಿ.

0.80ರ ಎರಡು ಬದಿ

0.75ಕ್ಕಿಂತ ಕೆಳಗೆ ಅಥವಾ 0.85ಕ್ಕಿಂತ ಮೇಲೆ ಬಂದ ಅಂಕಿ ಮತ್ತೆ ಅಳೆದರೂ ಅದೇ ಬದಿಯಲ್ಲಿ ನಿಲ್ಲುತ್ತದೆ. 0.79, 0.81 ಹಾಗಲ್ಲ. ಹತ್ತು ನಿಮಿಷ ಬಿಟ್ಟು ಅಳೆದರೆ ಗೆರೆ ದಾಟುವ ಸಾಧ್ಯತೆ ದೊಡ್ಡದು. ಇಲ್ಲಿ ಎದೆನೋವು ಎಂಥದ್ದು, ಮಾತ್ರೆಗೆ ಬಗ್ಗಿದೆಯೇ, ಬ್ಲಾಕ್ ಎಲ್‌ಎಡಿಯ ಬುಡದಲ್ಲಿದೆಯೋ ಸಣ್ಣ ಕವಲಿನಲ್ಲೋ ಎಂಬುದು ಅಂಕಿಗಿಂತ ತೂಕದ್ದು. ಆ ಭಾಗದ ಸ್ನಾಯು ಹಳೆಯ ಹೃದಯಾಘಾತದಲ್ಲಿ ಸತ್ತಿದ್ದರೆ ರಕ್ತ ಬೇಡುವ ಸ್ನಾಯುವೇ ಕಡಿಮೆ, ಎಫ್‌ಎಫ್‌ಆರ್ ಮೇಲಿರುತ್ತದೆ. ಅದು ತಪ್ಪು ಅಂಕಿಯಲ್ಲ. ಪೂರ್ತಿ ಮುಚ್ಚಿದ ಬೇರೊಂದು ನಾಳಕ್ಕೆ ಇದೇ ನಾಳ ಅಡ್ಡದಾರಿಯಲ್ಲಿ ರಕ್ತ ಕೊಡುತ್ತಿದ್ದರೆ ಅಂಕಿ ಕೆಳಗಿಳಿಯುತ್ತದೆ, ಮುಚ್ಚಿದ್ದನ್ನು ತೆರೆದ ಮೇಲೆ ತುಸು ಏರುತ್ತದೆ.

ಸ್ಟೆಂಟ್ ಬೇಡ ಎಂದು ತೀರ್ಮಾನವಾದರೆ "ಏನೂ ಇಲ್ಲ, ಹೋಗಿ" ಎನ್ನಬೇಡಿ. ಕೊಬ್ಬು ನಾಳದ ಗೋಡೆಯಲ್ಲಿದೆ. ಸ್ಟ್ಯಾಟಿನ್, ವೈದ್ಯರು ಬರೆದ ಉಳಿದ ಮಾತ್ರೆ, ಬಿ.ಪಿ., ಸಕ್ಕರೆ, ಬೀಡಿ ಸಿಗರೇಟು ಬಿಡುವುದು, ಇವುಗಳೇ ಅಲ್ಲಿ ಚಿಕಿತ್ಸೆ.

ರಿಪೋರ್ಟ್‌ನಲ್ಲಿ "ಎಫ್‌ಎಫ್‌ಆರ್ 0.83" ಎಂದಷ್ಟೇ ಬರೆದರೆ ಮುಂದಿನ ವೈದ್ಯರಿಗೆ ಉಪಯೋಗವಿಲ್ಲ. ಯಾವ ನಾಳ, ಸೆನ್ಸರ್ ಎಲ್ಲಿತ್ತು, ಅಡೆನೋಸಿನ್ ಯಾವ ದಾರಿಯಲ್ಲಿ ಎಷ್ಟು, ವಿಶ್ರಾಂತಿಯ ಪಿಡಿ/ಪಿಎ, ಗರಿಷ್ಠ ಹರಿವಿನ ಹೊತ್ತಿನ ಪಿಎ ಮತ್ತು ಪಿಡಿ, ಕೊನೆಯ ಡ್ರಿಫ್ಟ್, ಪುಲ್‌ಬ್ಯಾಕ್ ಮಾಡಿದ್ದರೆ ಮೆಟ್ಟಿಲು ಎಲ್ಲಿ ಸಿಕ್ಕಿತು, ಇಷ್ಟು ಇರಬೇಕು. ಅಲೆಯ ಪ್ರಿಂಟ್ ಒಂದು ಪ್ರತಿ ಫೈಲಿಗೆ, ಒಂದು ರೋಗಿಯ ಕೈಗೆ.